ಅಪ್‌ಡೇಟ್: ಫಾರ್ಮ್ಯಾಟ್ ಕೇಳುತ್ತಿದ್ದ ಹಾರ್ಡ್ ಡಿಸ್ಕ್‌ನಿಂದ ಫೋಟೋಗಳು ಸಿಕ್ಕವು

ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಚುಚ್ಚಿದರೆ ಫಾರ್ಮ್ಯಾಟ್ ಮಾಡಬೇಕು ಅಂತ ಬರುತ್ತಿದೆ, ಒಳಗಿನ ಫೋಟೋ ತೆಗೆಯುವುದು ಹೇಗೆ ಅಂತ ಕೇಳಿದ್ದೆ. ಹೆಚ್ಚುಕಮ್ಮಿ ಎಲ್ಲವೂ ಸಿಕ್ಕವು. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ನೀವು ಹೇಳಿದಂತೆ ಆ ಡಿಸ್ಕ್‌ಗೆ ಏನನ್ನೂ ಬರೆಯಲಿಲ್ಲ. ಡಿಡಿರೆಸ್ಕ್ಯೂ ಅನ್ನುವ ಸಾಫ್ಟ್‌ವೇರ್ ಬಳಸಿ ಇಡೀ ಡಿಸ್ಕ್‌ನ ಇಮೇಜ್ (ಅಂದರೆ ಪೂರ್ತಿ ನಕಲು) ಮಾಡಿಕೊಂಡು, ಉಳಿದ ಕೆಲಸವನ್ನೆಲ್ಲ ಆ ನಕಲಿನ ಮೇಲೇ ಮಾಡಿದೆ. ಟೆಸ್ಟ್‌ಡಿಸ್ಕ್ ಅನ್ನುವ ಇನ್ನೊಂದು ಸಾಫ್ಟ್‌ವೇರ್ ಹಳೇ ಪಾರ್ಟಿಷನ್ (ಫೈಲ್‌ಗಳಿದ್ದ ಡಿಸ್ಕ್‌ನ ಭಾಗ) ಹುಡುಕಿಕೊಟ್ಟಿತು. ಅಲ್ಲಿ ‘ಪಿ’ ಒತ್ತಿದರೆ ಫೈಲ್‌ಗಳ ಪಟ್ಟಿ ಬರುತ್ತದೆ. ಫೋಲ್ಡರ್‌ಗಳು ಹೆಸರಿನ ಸಮೇತ ಕಾಣಿಸಿದಾಗ ಆದ ಖುಷಿ ಅಷ್ಟಿಷ್ಟಲ್ಲ!

ಒಂದು ಫೋಲ್ಡರ್ ಮಾತ್ರ ತೆರೆಯಲಿಲ್ಲ. ಅದಕ್ಕೆ ಫೋಟೋರೆಕ್ ಅನ್ನುವ, ಕಳೆದ ಫೈಲ್ ಹುಡುಕಿ ತೆಗೆಯುವ ಸಾಫ್ಟ್‌ವೇರ್ ಓಡಿಸಿದೆ. ಫೋಟೋ ಸಿಗುತ್ತವೆ, ಆದರೆ ಹಳೇ ಹೆಸರು ಉಳಿಯುವುದಿಲ್ಲ. ‘ಎಫ್’ ಅಕ್ಷರ, ಅದಾದ ಮೇಲೆ ಉದ್ದನೆಯ ನಂಬರ್, ಅಷ್ಟೇ. ತೆಗೆದ ದಿನಾಂಕ ಫೋಟೋದೊಳಗೇ ಇರುತ್ತದೆ ಅಲ್ವಾ, ಅದನ್ನು ನೋಡಿ ವಿಂಗಡಿಸುತ್ತಿದ್ದೇನೆ. ಇದೇ ಜಾಸ್ತಿ ಹೊತ್ತು ಹಿಡಿಯುವ ಕೆಲಸ.

ಬ್ಯಾಕಪ್‌ಗೆ 3-2-1 ಕ್ರಮ ಹಿಡಿದಿದ್ದೇನೆ: 3 ಪ್ರತಿ, 2 ಬಗೆಯ ಸಾಧನ, 1 ಪ್ರತಿ ಬೇರೆ ಜಾಗದಲ್ಲಿ. ನನಗೆ ಆ ಬೇರೆ ಜಾಗ ಕ್ಲೌಡ್. ಸುಮ್ನೆ ಸಿಂಕ್ (ಕಂಪ್ಯೂಟರ್‌ನಲ್ಲಿ ಇದ್ದದ್ದೇ ಕ್ಲೌಡ್‌ನಲ್ಲೂ ಇರುವಂತೆ ಮಾಡುವುದು) ಇದ್ದರೆ ಸಾಲದು. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಅದಕ್ಕೇ ಹಳೇ ಆವೃತ್ತಿಗಳನ್ನೂ ಇಟ್ಟುಕೊಳ್ಳುವ ಸೆಟ್ಟಿಂಗ್ ಆನ್ ಮಾಡಿದ್ದೇನೆ. ಕೆಲವು ಫೈಲ್‌ಗಳನ್ನು ವಾಪಸ್ ಇಳಿಸಿ ತೆರೆದೂ ನೋಡಿದೆ, ಸರಿಯಾಗಿವೆ.