ಕರುಳಿನ ಗೋಡೆಯಲ್ಲಿ ಗಾಳಿ ಗುಳ್ಳೆಗಳಂತೆ, ಆಪರೇಷನ್ ಬೇಕೇಬೇಕಾ?

ಹಾಸನದ_ಹುಡುಗ:
ನಮ್ಮಪ್ಪಂಗೆ 64 ವರ್ಷ, ಶುಗರ್ ಇದೆ. ಸುಮಾರು ದಿನದಿಂದ ಹೊಟ್ಟೆ ಉಬ್ಬರ, ಲೂಸ್ ಮೋಷನ್, ಆಗಾಗ ಲೋಳೆ ಹೋಗೋದು, ಒಂದ್ಸಲ ರಕ್ತಾನೂ ಕಾಣಿಸ್ತು ಅಂತ ಭಯ ಆಗಿ ಕೊಲೊನೋಸ್ಕೋಪಿ (ದೊಡ್ಡ ಕರುಳೊಳಗೆ ಕ್ಯಾಮೆರಾ ಬಿಟ್ಟು ನೋಡೋದು) ಮಾಡಿಸಿದ್ವಿ. ಮೊದ್ಲು ತುಂಬಾ ಪಾಲಿಪ್ (ಕರುಳೊಳಗಿನ ಮಾಂಸದ ಗಂಟು) ಇದೆ ಅಂದ್ರು, ಟೆಸ್ಟಿಗೆ ಚೂರು ಕತ್ತರಿಸಿ ಬಯಾಪ್ಸಿ ತಗೊಳ್ವಾಗ ಒಂದು ಗುಳ್ಳೆ ಪುಸ್ ಅಂತ ಕುಗ್ಗಿಹೋಯ್ತಂತೆ, ಆಗ ಡೌಟ್ ಬಂದು ಸಿಟಿ ಸ್ಕ್ಯಾನ್‌ಗೆ ಕಳ್ಸಿದ್ರು. ರಿಪೋರ್ಟಲ್ಲಿ ನ್ಯುಮಟೋಸಿಸ್ ಇಂಟೆಸ್ಟಿನಾಲಿಸ್, ಅಂದ್ರೆ ಕರುಳಿನ ಗೋಡೆಯೊಳಗೆ ಗಾಳಿ, ಅಂತ ಇದೆ, ಹೊಟ್ಟೆಯೊಳಗೆ ಕರುಳಿನ ಹೊರಗಡೆ ಸ್ವಲ್ಪ ಫ್ರೀ ಏರ್ (ಗಾಳಿ) ಇದೆ ಅಂತಾನೂ ಬರ್ದಿದಾರೆ. ಸರ್ಜನ್ ಒಬ್ರು ಕರುಳು ತೂತಾಗಿರ್ಬಹುದು, ಈಗ್ಲೇ ಓಪನ್ ಮಾಡ್ಬೇಕು ಅಂತಾರೆ. ಅಪ್ಪ ನೋಡಿದ್ರೆ ಎರಡು ದೋಸೆ ತಿಂದು ಪೇಪರ್ ಓದ್ತಾ ಕೂತಿದಾರೆ!! ಏನ್ ಮಾಡೋದು?

ರಾತ್ರಿ_ಡ್ಯೂಟಿ:
ಗ್ಯಾಸ್ಟ್ರೋ ವಾರ್ಡಲ್ಲಿ ಕೆಲ್ಸ ಮಾಡ್ತೀನಿ, ಆದ್ರೂ ಪೇಷೆಂಟ್ ನೋಡ್ದೆ ತೀರ್ಮಾನ ಹೇಳೋಕಾಗಲ್ಲ. ಇದ್ರಲ್ಲಿ ಸ್ಕ್ಯಾನ್ ಎಷ್ಟು ಭಯಂಕರವಾಗಿ ಕಾಣುತ್ತೆ ಅನ್ನೋದಕ್ಕಿಂತ ಮನುಷ್ಯ ಹೇಗಿದಾನೆ ಅನ್ನೋದು ಮುಖ್ಯ. ಕರುಳಿನ ಹೊರಪದರದ ಗುಳ್ಳೆ ಒಡೆದ್ರೂ ಹೊಟ್ಟೆಯೊಳಗೆ ಗಾಳಿ ಬರುತ್ತೆ, ಕರುಳು ತೂತಾಗಿರ್ಲೇಬೇಕು ಅಂತಿಲ್ಲ. ಆದ್ರೆ ಜೋರು ನೋವು, ಹೊಟ್ಟೆ ಮುಟ್ಟೋಕಾಗ್ದಷ್ಟು ಗಟ್ಟಿ ಆಗೋದು, ಜ್ವರ, ವಾಂತಿ, ಬಿಪಿ ಇಳಿಯೋದು, ಬ್ಲಡ್ ಲ್ಯಾಕ್ಟೇಟ್ (ಆಕ್ಸಿಜನ್ ಸಾಲದಾಗ ರಕ್ತದಲ್ಲಿ ಏರೋ ಆಮ್ಲ) ಏರೋದು, ಕರುಳಿಂದ ಲಿವರ್‌ಗೆ ರಕ್ತ ಒಯ್ಯೋ ಪೋರ್ಟಲ್ ವೇನಲ್ಲಿ ಗ್ಯಾಸ್ ಕಾಣೋದು, ಇವುಗಳಲ್ಲಿ ಯಾವ್ದಾದ್ರೂ ಇದ್ರೆ ಕರುಳಿಗೆ ರಕ್ತ ಹೋಗ್ತಿಲ್ಲ ಅಂತಿರ್ಬಹುದು, ಆಗ ಒಂದು ಗಂಟೆನೂ ಕಾಯ್ಬಾರ್ದು. ಲ್ಯಾಕ್ಟೇಟ್ ಮಾಡಿಸಿದಾರಾ ಕೇಳಿ, ಇವತ್ತೇ ಗ್ಯಾಸ್ಟ್ರೋ ಡಾಕ್ಟರ್ ಹತ್ರ ಸೆಕೆಂಡ್ ಒಪಿನಿಯನ್ ತಗೊಳ್ಳಿ.

ಇನ್ನೊಂದು, ಶುಗರ್ ಮಾತ್ರೆ ಸ್ಟ್ರಿಪ್ ಹಿಂದೆ ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಅಂತ ಇದೆಯಾ ನೋಡಿ. ಇವು ಪಿಷ್ಟ ಜೀರ್ಣ ಆಗೋದನ್ನ ತಡೀತವೆ, ಉಳಿದಿದ್ದನ್ನ ದೊಡ್ಡ ಕರುಳಲ್ಲಿ ಬ್ಯಾಕ್ಟೀರಿಯಾ ಹುದುಗಿಸಿ ಹೈಡ್ರೋಜನ್ ಗ್ಯಾಸ್ ಮಾಡುತ್ತೆ. ಅನ್ನ, ಮುದ್ದೆ ತಿನ್ನೋ ನಮ್ಮ ಕಡೆ ಗ್ಯಾಸ್ ಆಗೋದು ಮಾಮೂಲಿ ಅಂತ ಬಿಟ್ಬಿಡ್ತಾರೆ, ಅಪರೂಪಕ್ಕೆ ಈ ಗುಳ್ಳೆನೂ ಆಗುತ್ತೆ.

ಕಷಾಯಪ್ರಿಯ:
ದಿನಾ ಓಮ ಜೀರಿಗೆ ಕಷಾಯ ಕುಡೀಲಿ ಸಾರ್, ಎಂಥ ಗ್ಯಾಸ್ ಇದ್ರೂ ಹೋಗುತ್ತೆ.

ತುಂಗಾತೀರ:
@ಕಷಾಯಪ್ರಿಯ ಈ ಗಾಳಿ ಇರೋದು ಗೋಡೆಯೊಳಗೆ ಮಾರಾಯ್ರೆ, ಕಷಾಯ ಅಲ್ಲಿಗೆ ಹೋಗಲ್ಲ.

ನಮ್ಮಮ್ಮಂಗೆ ಸ್ಕ್ಲೆರೋಡರ್ಮಾ (ಚರ್ಮ, ಒಳಗಿನ ಅಂಗ ಗಟ್ಟಿಯಾಗೋ ಕಾಯಿಲೆ) ಇತ್ತು, ಅದ್ರಿಂದ ಇದು ಬಂತು. ಆಪರೇಷನ್ ಮಾಡ್ಲಿಲ್ಲ. ಮೆಟ್ರೋನಿಡಜೋಲ್ ಅನ್ನೋ ಆಂಟಿಬಯೋಟಿಕ್ ಕೊಟ್ರು, ಬಾಯೆಲ್ಲ ಕಬ್ಬಿಣದ ರುಚಿ ಅಂತ ಕಾಫಿನೂ ಬಿಟ್ಟಿದ್ರು ಪಾಪ. ಜೊತೆಗೆ ಅಡ್ಮಿಟ್ ಮಾಡಿ ಮಾಸ್ಕಲ್ಲಿ ಆಕ್ಸಿಜನ್. ರಕ್ತದಲ್ಲಿ ನೈಟ್ರೋಜನ್ ಕಮ್ಮಿ ಆದಾಗ ಗುಳ್ಳೆಯೊಳಗಿನ ಗಾಳಿ ನಿಧಾನಕ್ಕೆ ರಕ್ತಕ್ಕೆ ಇಳಿಯುತ್ತಂತೆ. ಅಪ್ಪ ಸಿಗರೇಟ್ ಸೇದ್ತಿದ್ರೆ, ಸಿಒಪಿಡಿ (ಉಸಿರು ಕಟ್ಟೋ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಏನಾದ್ರೂ ಇದ್ರೆ ಮೊದ್ಲೇ ಹೇಳಿ, ಅದೂ ಇದಕ್ಕೆ ಒಂದು ಕಾರಣ, ಮೇಲಾಗಿ ಅಂಥವರಿಗೆ ಜಾಸ್ತಿ ಆಕ್ಸಿಜನ್ ಕೊಟ್ರೆ ಕಾರ್ಬನ್ ಡೈಆಕ್ಸೈಡ್ ಏರುತ್ತೆ. ಒಂದ್ಸಲ ವಾಸಿಯಾದ್ರೂ ಮತ್ತೆ ಬರ್ಬಹುದು, ಅಮ್ಮಂಗೆ ಬಂತು.

ಹಾಸನದ_ಹುಡುಗ:
ಸ್ಟ್ರಿಪ್ ನೋಡ್ದೆ, ಗ್ಲಿಮೆಪಿರೈಡ್ ಮೆಟ್ಫಾರ್ಮಿನ್ ಜೊತೆ ವೊಗ್ಲಿಬೋಸ್ 0.2 ಇದೆ!! ಲ್ಯಾಕ್ಟೇಟ್ ನಾರ್ಮಲ್ ಬಂತು. ಗ್ಯಾಸ್ಟ್ರೋ ಡಾಕ್ಟರ್ ಆಪರೇಷನ್ ಬೇಡ, ಅಡ್ಮಿಟ್ ಮಾಡಿ ನೋಡೋಣ ಅಂದ್ರು. ಆ ಮಾತ್ರೆ ನಾನೇ ನಿಲ್ಲಿಸ್ಬಿಡ್ಲಾ?

ರಾತ್ರಿ_ಡ್ಯೂಟಿ:
ನೀವಾಗೇ ಬೇಡ, ಸ್ಟ್ರಿಪ್ ತಗೊಂಡು ಹೋಗಿ ತೋರ್ಸಿ, ವೊಗ್ಲಿಬೋಸ್ ಇಲ್ಲದ ಮಾತ್ರೆ ಬರ್ಕೊಡ್ತಾರೆ. ಮತ್ತೆ ಈ ಸಿಟಿ ರಿಪೋರ್ಟ್ ಫೈಲಲ್ಲಿ ಮೇಲ್ಗಡೇನೇ ಇಟ್ಟಿರಿ, ಮುಂದೆ ಯಾರಾದ್ರೂ ಸ್ಕೋಪ್ ಹಾಕಿದ್ರೆ ಮತ್ತೆ ಪಾಲಿಪ್ ಅಂತ ಕತ್ತರಿಸೋಕೆ ಹೋಗ್ಬಾರ್ದು.