ಅಪ್‌ಡೇಟ್: ಕೊನೆಗೂ ಮಿನಿ ಟ್ರ್ಯಾಕ್ಟರ್ ಮನೆಗೆ ಬಂತು

ಚನ್ನಗಿರಿ ಕಡೆಯ ನಮ್ಮ 4 ಎಕರೆ ಅಡಿಕೆ ತೋಟ, 2 ಎಕರೆ ಮೆಕ್ಕೆಜೋಳದ ಹೊಲ, ಎರಡಕ್ಕೂ ಆಗುವ ಒಂದೇ ಟ್ರ್ಯಾಕ್ಟರ್ ಯಾವುದು ಅಂತ ಕೇಳಿದ್ದೆ. 45 ಎಚ್‌ಪಿಯ ಆಸೆ ಬಿಟ್ಟು, 24 ಎಚ್‌ಪಿಯ ಫೋರ್ ವೀಲ್ ಡ್ರೈವ್ ಕುಬೋಟಾ ತಂದೆ.

ಮರಗಳ ನಡುವೆ 9 ಅಡಿ ಇದೆ ನಿಜ. ಆದರೆ ಬಾಳೆ, ಡ್ರಿಪ್ ಪೈಪ್ ಎಲ್ಲ ಅಲ್ಲೇ ಇವೆ ಅಲ್ವಾ? ದೊಡ್ಡ ಗಾಡಿ ತಿರುಗುವುದೇ ಇಲ್ಲ. ಇದು ಸಲೀಸಾಗಿ ನುಗ್ಗುತ್ತದೆ.

ಎಡವಟ್ಟು ನನ್ನದೇ. ಪಕ್ಕದವರ 5 ಅಡಿ ಅಗಲದ ರೋಟಾವೇಟರ್ (ಮಣ್ಣು ಪುಡಿ ಮಾಡುವ ಸಲಕರಣೆ) ಸುಮ್ನೆ ಕಟ್ಟಿ ನೋಡಿದೆ. ಹತ್ತು ಮಾರು ಹೋಗುವಷ್ಟರಲ್ಲಿ ಏದುಸಿರು, ಕಪ್ಪು ಹೊಗೆ! ಈಗ ಮೂರೂವರೆ ಅಡಿಯದ್ದು ಕೊಂಡಿದ್ದೇನೆ. ಅಡಿಕೆ ಬೇರು ಮೇಲೇ ಹರಡಿರುತ್ತದೆ, ಹಾಗಾಗಿ ತೋಟದಲ್ಲಿ ಮೇಲ್ಮಣ್ಣು ಕೆದಕಿ ಅಷ್ಟಕ್ಕೇ ಬಿಡುತ್ತೇನೆ.

ಹೊಲದ ಆಳ ಉಳುಮೆಗೆ ವರ್ಷಕ್ಕೊಮ್ಮೆ ಬಾಡಿಗೆ ಟ್ರ್ಯಾಕ್ಟರೇ ಗತಿ.