ಅಂಗಡಿಯ ನೆಟ್‌ವರ್ಕ್ ಭದ್ರ ಮಾಡುವುದು ಹೇಗೆ?

ಪೆರ್ಲದ ಅಂಗಡಿ:
ನಮ್ಮದು ಪೆರ್ಲದಲ್ಲಿ ಗೊಬ್ಬರ, ಪೈಪುಗಳ ಅಂಗಡಿ. ಬಿಲ್ಲಿಂಗ್ ಕಂಪ್ಯೂಟರ್, ಕ್ಯಾಮೆರಾದ ಡಿವಿಆರ್ (ರೆಕಾರ್ಡಿಂಗ್ ಪೆಟ್ಟಿಗೆ), ಕೆಲಸದವರ ಮೊಬೈಲ್ ಎಲ್ಲ ಒಂದೇ ರೌಟರಿನಲ್ಲಿ. ಗೂಗಲ್ ಪೇ ಮಾಡುವಾಗ ರೇಂಜ್ ಸಿಗದ ಗಿರಾಕಿಗಳಿಗೂ ಅದೇ ವೈಫೈ ಪಾಸ್‌ವರ್ಡ್ ಕೊಡುತ್ತೇವೆ. ಮನೆಯಿಂದ ಕ್ಯಾಮೆರಾ ನೋಡಲಿಕ್ಕೆ ಅಂತ ಅದನ್ನು ಫಿಟ್ ಮಾಡಿದವರು ರೌಟರಿನಲ್ಲಿ ಒಂದು ಪೋರ್ಟ್ (ಇಂಟರ್ನೆಟ್ಟಿನಿಂದ ಒಳಗೆ ಬರುವ ದಾರಿ) ತೆರೆದಿಟ್ಟಿದ್ದಾರೆ. ಪರಿಚಯದ ಒಬ್ಬರ ಅಂಗಡಿಯಲ್ಲಿ ಫೈಲುಗಳೆಲ್ಲ ಲಾಕ್ ಆಗಿ, ಬಿಡಿಸಲಿಕ್ಕೆ ದುಡ್ಡು ಕೇಳಿದರಂತೆ. ಆಂಟಿವೈರಸ್ ಹಾಕಿದರೆ ಸಾಕಾ?

ಕುಂಬಳೆಯಿಂದ:
ಸಾಲದು ಮಾರಾಯ್ರೆ. ಮೊದಲು ಆ ಪೋರ್ಟ್ ಮುಚ್ಚಿ, ಇವತ್ತೇ. ಅದು ನಿಮ್ಮ ಮೊಬೈಲಿಗೆ ಮಾತ್ರ ಕಾಣುವುದಲ್ಲ, ಇಡೀ ಇಂಟರ್ನೆಟ್ಟನ್ನು ಹಗಲು ರಾತ್ರಿ ತಡಕುತ್ತಾ ಇರುವ ಪ್ರೋಗ್ರಾಮ್‌ಗಳಿಗೂ ಕಾಣುತ್ತದೆ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಹೀಗೇ ತಡಕಿ, ಫ್ಯಾಕ್ಟರಿಯಿಂದ ಬಂದ ಪಾಸ್‌ವರ್ಡನ್ನೇ ಹಾಕಿ ನೋಡಿ, ಲಕ್ಷಗಟ್ಟಲೆ ಕ್ಯಾಮೆರಾ, ಡಿವಿಆರ್, ರೌಟರ್‌ಗಳೊಳಗೆ ನುಗ್ಗಿತು. ಆ ಅಕ್ಟೋಬರಿನಲ್ಲಿ ಅವುಗಳನ್ನೇ ಬಳಸಿ ವೆಬ್‌ಸೈಟುಗಳ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪೆನಿಯ ಮೇಲೆ ದಾಳಿ ಮಾಡಿದಾಗ ಟ್ವಿಟರ್, ನೆಟ್‌ಫ್ಲಿಕ್ಸ್ ಕೂಡ ಎಷ್ಟೋ ಕಡೆ ತೆರೆಯಲಿಲ್ಲ. ಹಾಗಾಗಿ ಡಿವಿಆರ್, ರೌಟರ್ ಎರಡರ ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ. ರೌಟರಿನ ಸೆಟ್ಟಿಂಗಿನಲ್ಲಿ ಯುಪಿಎನ್‌ಪಿ ಆಫ್ ಮಾಡಿ, ಇಲ್ಲದಿದ್ದರೆ ಡಿವಿಆರ್ ತಾನೇ ಪೋರ್ಟ್ ತೆರೆದುಕೊಳ್ಳಬಹುದು. ಮನೆಯಿಂದ ನೋಡಲಿಕ್ಕೆ ವಿಪಿಎನ್ (ನಿಮಗೆ ಮಾತ್ರ ಬರಲಿಕ್ಕಾಗುವ ಗುಪ್ತ ದಾರಿ) ಒಳ್ಳೆಯದು. ಗಿರಾಕಿಗಳಿಗೆ ಗೆಸ್ಟ್ ವೈಫೈ (ಒಳಗಿನ ನೆಟ್‌ವರ್ಕ್ ಮುಟ್ಟದೆ ಇಂಟರ್ನೆಟ್ ಮಾತ್ರ ಸಿಗುವುದು) ಕೊಡಿ, ಅದರ ಪಾಸ್‌ವರ್ಡ್ ಬೇರೆ ಇರಲಿ.

ಮುಳ್ಳೇರಿಯ ಲೆಕ್ಕದಕ್ಕ:
ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ಯಾವ ವಿಂಡೋಸ್ ಇದೆ? 2017ರ ಮೇ ತಿಂಗಳಲ್ಲಿ, ಹೀಗೇ ಫೈಲ್ ಲಾಕ್ ಮಾಡಿ ದುಡ್ಡು ಕೇಳುವ ವಾನಾಕ್ರೈ ಹರಡಿದಾಗ, ಅದನ್ನು ತಡೆಯುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ಕೊಟ್ಟಾಗಿತ್ತು. ಹಾಕಿಕೊಳ್ಳದವರೇ ಜಾಸ್ತಿ ಸಿಕ್ಕಿಬಿದ್ದದ್ದು. ಮತ್ತೆ ಬ್ಯಾಕಪ್. ದಿನಾ ಸಂಜೆ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ, ತೆಗೆದು ಬೇರೆ ಕಡೆ ಇಡಿ. ಸಿಕ್ಕಿಸಿಯೇ ಬಿಟ್ಟರೆ ಅದೂ ಲಾಕ್ ಆಗುತ್ತದೆ.

ಪೆರ್ಲದ ಅಂಗಡಿ:
ವಿಂಡೋಸ್ 7 ಅಕ್ಕ, ಬದಲಾಯಿಸುತ್ತೇನೆ. ಪೋರ್ಟ್ ಮುಚ್ಚಿದೆ, ಯುಪಿಎನ್‌ಪಿ ಆನ್ ಇತ್ತು, ಅದನ್ನೂ ಆಫ್ ಮಾಡಿದೆ. ಡಿವಿಆರನ್ನೂ ಗೆಸ್ಟಿಗೆ ಹಾಕಬಹುದಾ? ಅದು ಕೇಬಲ್ಲಿನಲ್ಲಿದೆ.

ಕುಂಬಳೆಯಿಂದ:
ಸಾಮಾನ್ಯ ರೌಟರಿನಲ್ಲಿ ಗೆಸ್ಟ್ ಅಂದರೆ ವೈಫೈ ಮಾತ್ರ, ಕೇಬಲ್ಲಿನದ್ದೆಲ್ಲ ಒಳಗಿನ ನೆಟ್‌ವರ್ಕಿಗೇ ಸೇರುತ್ತದೆ. ವಿಲ್ಯಾನ್ (ಒಂದೇ ರೌಟರಿನಲ್ಲಿ ನೆಟ್‌ವರ್ಕನ್ನು ಬೇರೆ ಬೇರೆ ಭಾಗ ಮಾಡುವ ವ್ಯವಸ್ಥೆ) ಇರುವ ರೌಟರ್ ತಗೊಳ್ಳಿ. ಖರ್ಚು ಬೇಡ ಅಂದರೆ ಮನೆಯಲ್ಲಿ ಸುಮ್ನೆ ಬಿದ್ದಿರುವ ಹಳೇ ರೌಟರ್ ಇದ್ದರೆ ಅದರ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, ಅದರ ವ್ಯಾನ್ ಪೋರ್ಟನ್ನು (ಇಂಟರ್ನೆಟ್ ಕೇಬಲ್ ಹಾಕುವ ತೂತು) ಈಗಿನ ರೌಟರಿಗೆ ಸಿಕ್ಕಿಸಿ, ಬಿಲ್ಲಿಂಗ್ ಕಂಪ್ಯೂಟರನ್ನು ಮಾತ್ರ ಅದರ ಹಿಂದೆ ಇಡಿ. ಆಗ ಡಿವಿಆರ್ ಕೆಟ್ಟವರ ಕೈಗೆ ಸಿಕ್ಕಿದರೂ ಅಲ್ಲಿಂದ ನೇರವಾಗಿ ಬಿಲ್ಲಿಂಗ್ ಕಂಪ್ಯೂಟರಿಗೆ ನುಗ್ಗಲಿಕ್ಕೆ ಆಗುವುದಿಲ್ಲ. ಉಲ್ಟಾ ಸಿಕ್ಕಿಸಬೇಡಿ, ಬಿಲ್ಲಿಂಗ್ ಕಂಪ್ಯೂಟರಿನ ಬದಲು ಡಿವಿಆರ್ ಹಳೇ ರೌಟರಿನ ಹಿಂದೆ ಹೋದರೆ ಅದಕ್ಕೆ ಬಿಲ್ಲಿಂಗ್ ಕಂಪ್ಯೂಟರ್ ಕಾಣುತ್ತಲೇ ಇರುತ್ತದೆ.